ಸಿಬ್ಬಂದಿಯ ಮಲ ಪರೀಕ್ಷಿಸಿ, ಅದಕ್ಕೂ ಮೊದಲು ಅವರ ಶೌಚಾಲಯ ನೋಡಿ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು.

ಪ್ರತಿ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಮತ್ತು ಖಾಸಗಿ ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ.

ವಿಷಯ: ಆಸ್ಪತ್ರೆ ಸಿಬ್ಬಂದಿಯ ಕರುಳಿನಲ್ಲಿ ನೆಲೆಸುವ ಔಷಧ ನಿರೋಧಕ ಬ್ಯಾಕ್ಟೀರಿಯಾಗಳ ಪರೀಕ್ಷೆ ಮತ್ತು ಅದರೊಂದಿಗೆ ಸಿಬ್ಬಂದಿಗೆ ಸಿಗಬೇಕಾದ ರಕ್ಷಣೆ.

ಮಾನ್ಯರೇ,

ಐಸಿಯುನಲ್ಲಿ ರೋಗಿಯ ಮೂತ್ರದ ಚೀಲ ಬರಿದು ಮಾಡುವ, ಬೆಡ್‌ಪ್ಯಾನ್ ತೊಳೆಯುವ, ಹೊಲಸಾದ ಹಾಸಿಗೆ ಬಟ್ಟೆ ಎತ್ತುವ ಕೈಗಳೇ ಒಂದು ತಾಸಿನ ಮೇಲೆ ಡ್ಯೂಟಿ ರೂಮಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತವೆ. ನಮ್ಮ ಕಡೆಯ ಊಟ ಕೈಯಿಂದ ಮುರಿದು, ಪಲ್ಯಕ್ಕೆ ಅದ್ದಿ ತಿನ್ನುವ ಊಟ. ಈ ಎರಡು ಕೆಲಸಗಳ ನಡುವೆ ನೀರು ಬರುವ ನಲ್ಲಿ, ಸಾಬೂನು, ಒಣ ಬಟ್ಟೆ ಇಷ್ಟು ಇದ್ದರೆ ರೋಗಿಯ ಕರುಳಿನ ಬ್ಯಾಕ್ಟೀರಿಯಾ ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಅದು ಸಿಸ್ಟರ್ ಅವರ, ಆಯಾ ಅವರ, ವಾರ್ಡ್ ಬಾಯ್‌ನ ಹೊಟ್ಟೆಗೆ ಇಳಿಯುತ್ತದೆ.

ನಾವು ಈ ಮೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಮೈಕ್ರೋಬಯಾಲಜಿ ಲ್ಯಾಬ್ ಮತ್ತು ಸೋಂಕು ನಿಯಂತ್ರಣದ ಕೆಲಸ ಮಾಡುವವರು. ಸಿಬ್ಬಂದಿಯ ಮಲ ಪರೀಕ್ಷೆ ಆಗಬೇಕು ಎಂಬ ಮಾತು ಸೋಂಕು ನಿಯಂತ್ರಣ ಸಮಿತಿಗಳ ಸಭೆಗಳಲ್ಲಿ ಕೇಳಿಬರುತ್ತದೆ. ಪರೀಕ್ಷೆ ಆಗಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ 'ಯಾರ ಹೊಟ್ಟೆಯಲ್ಲಿದೆಯೋ ಅವರನ್ನು ಹುಡುಕಿ ವಾರ್ಡಿನಿಂದ ತೆಗೆದರೆ ಮುಗಿಯಿತು' ಎನ್ನುವ ಧಾಟಿಯಲ್ಲಿ ಆ ಮಾತು ಬರುತ್ತದಲ್ಲ, ಅದಕ್ಕೆ ನಮ್ಮ ಸ್ಪಷ್ಟ ವಿರೋಧವಿದೆ. ಕರುಳಿನಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇರುವುದು ನೌಕರರ ತಪ್ಪಲ್ಲ. ಆಸ್ಪತ್ರೆಯ ನೀರು, ಶೌಚಾಲಯ, ಸಿಂಕ್ ಮತ್ತು ಔಷಧ ಚೀಟಿಗಳ ಲೆಕ್ಕ ಅಲ್ಲಿ ಬಂದು ಕೂತಿರುತ್ತದೆ.

ಇ. ಕೋಲಿ, ಕ್ಲೆಬ್ಸಿಯೆಲ್ಲಾ ಕರುಳಿನಲ್ಲಿ ಸಹಜವಾಗಿ ಬದುಕುವ ಬ್ಯಾಕ್ಟೀರಿಯಾಗಳು. ಇವುಗಳಲ್ಲಿ ಕೆಲವು ಇಎಸ್‌ಬಿಎಲ್ ಎಂಬ ಕಿಣ್ವವನ್ನು ತಯಾರಿಸಿ ಸೆಫೋಟಾಕ್ಸಿಮ್, ಸೆಫ್‌ಟ್ರಿಯಾಕ್ಸೋನ್, ಸೆಫಿಕ್ಸಿಮ್‌ನಂಥ ಔಷಧಗಳನ್ನು ಒಡೆದು ಹಾಕುತ್ತವೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ಸಿಟಿಎಕ್ಸ್-ಎಂ-15 ಎಂಬ ಬಗೆಯನ್ನು ಮೊದಲು ಗುರುತಿಸಿದ್ದು ಭಾರತದ ರೋಗಿಗಳ ಮಾದರಿಗಳಲ್ಲಿ. ಅದು 2001ರಲ್ಲಿ ಪ್ರಕಟವಾಯಿತು. ಇನ್ನೂ ಮೇಲಿನ ಮೆಟ್ಟಿಲು ಎನ್‌ಡಿಎಂ-1, ಈ ಕಿಣ್ವ ಉಳಿದ ಔಷಧಗಳು ಸೋತಾಗ ಕೊಡುವ ಮೆರೊಪೆನೆಮ್ ಅನ್ನೂ ಒಡೆಯುತ್ತದೆ. 2008ರಲ್ಲಿ ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಮೂತ್ರದ ಕ್ಲೆಬ್ಸಿಯೆಲ್ಲಾದಲ್ಲಿ ಅದು ಸಿಕ್ಕಿತು. ಅದೇ ರೋಗಿಯ ಮಲದ ಇ. ಕೋಲಿಯಲ್ಲೂ ಅದೇ ವಂಶವಾಹಿ ಇತ್ತು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ದಾಟುತ್ತವೆ. ಆ ದಾಟಾಟಕ್ಕೆ ಕರುಳಿಗಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಹೀಗೆ ನೆಲೆಸಿದ ಬ್ಯಾಕ್ಟೀರಿಯಾ ತಾನಾಗಿ ರೋಗ ತರುವುದಿಲ್ಲ. ಜ್ವರವಿಲ್ಲ, ಭೇದಿಯಿಲ್ಲ, ಒಂದು ಲಕ್ಷಣವೂ ಇಲ್ಲ. ಮೂತ್ರನಾಳಕ್ಕೆ, ಗಾಯಕ್ಕೆ, ರಕ್ತಕ್ಕೆ, ನವಜಾತ ಶಿಶುವಿನ ಮೈಗೆ ಅದು ದಾಟಿದಾಗ ಮಾತ್ರ ಕಷ್ಟ ಶುರುವಾಗುತ್ತದೆ. ಎಷ್ಟು ದಿನ ಇರುತ್ತದೆ ಎಂಬುದಕ್ಕೂ ಉತ್ತರವಿದೆ. 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಪ್ರವಾಸಿಗರ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾಕ್ಕೆ ಬಂದುಹೋದವರಲ್ಲಿ ಶೇ 75ರಷ್ಟು ಜನ ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿ ಹೊತ್ತು ಮರಳಿದರು. ಪ್ರವಾಸದಲ್ಲಿ ಅದನ್ನು ಅಂಟಿಸಿಕೊಂಡ ಅರ್ಧದಷ್ಟು ಮಂದಿಗೆ ಸುಮಾರು ಒಂದು ತಿಂಗಳಲ್ಲಿ ಅದು ತಾನಾಗಿ ಹೋಯಿತು, ಶೇ 11ರಷ್ಟು ಮಂದಿಯಲ್ಲಿ ವರ್ಷದ ನಂತರವೂ ಉಳಿದಿತ್ತು. ಅವರು ಆಸ್ಪತ್ರೆ ಕೆಲಸಕ್ಕೆ ಬಂದವರಲ್ಲ, ಊರು ನೋಡಲು ಬಂದವರು.

ಆದ್ದರಿಂದ ಆಸ್ಪತ್ರೆ ಸಿಬ್ಬಂದಿಯಲ್ಲಿ ಇಷ್ಟು ಶೇಕಡಾ ಸಿಕ್ಕಿತು ಎಂಬ ಒಂಟಿ ಅಂಕಿಗೆ ನಮ್ಮಲ್ಲಿ ಅರ್ಥವಿಲ್ಲ. ಅದು ಊರಿನ ಅಂಕಿಯೂ ಇರಬಹುದು. ಈ ಭಾಗದ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿಗೆಂದು ಸ್ಟ್ರೆಪ್ಟೊಮೈಸಿನ್-ಟೆಟ್ರಾಸೈಕ್ಲಿನ್ ಪುಡಿ ಕಲಸಿ ಸಿಂಪಡಿಸುತ್ತಾ ಬಂದಿದ್ದಾರೆ. ಕೋಳಿ ಆಹಾರದಲ್ಲಿ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಆ್ಯಂಟಿಬಯಾಟಿಕ್ ಅನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಬೇಕಾಯಿತು. ಬಯಲ ಚರಂಡಿ, ಟ್ಯಾಂಕರ್ ನೀರು, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಗುಳಿಗೆ, ಇವೆಲ್ಲ ಆಸ್ಪತ್ರೆಯ ಗೇಟಿನ ಹೊರಗಿನವು. ಸಿಸ್ಟರ್ ಒಬ್ಬರ ಕರುಳಿನಲ್ಲಿ ಸಿಕ್ಕ ಇಎಸ್‌ಬಿಎಲ್ ವಾರ್ಡಿನಿಂದ ಬಂತೋ ಮನೆಯಿಂದ ಬಂತೋ ಎಂದು ಒಂದು ಸಲದ ಪರೀಕ್ಷೆ ಹೇಳಲಾರದು.

ಈಗ ಆಸ್ಪತ್ರೆಗಳಲ್ಲಿ ನಾವು ಕಾಣುತ್ತಿರುವುದನ್ನು ತಮ್ಮ ಗಮನಕ್ಕೆ ತರುತ್ತೇವೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಪ್ರತಿಯೊಬ್ಬ ಆರೋಗ್ಯ ಕಾರ್ಯಕರ್ತರಿಗೂ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಆಗಬೇಕು, ದಾಖಲೆ ಇಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಬೇಕು. ನಡೆಯುವ ಕಡೆ ನಡೆಯುವುದು ಬಿಪಿ, ಶುಗರ್, ಹಿಮೋಗ್ಲೋಬಿನ್. ಮಲ ತೆಗೆದುಕೊಂಡರೂ ಸ್ಲೈಡಿನ ಮೇಲೆ ಜಂತುಹುಳದ ಮೊಟ್ಟೆ ನೋಡಿ ಮುಗಿಸುತ್ತಾರೆ. ಕಲ್ಚರ್ ಹಾಕದೆ, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸದೆ, ಸೂಕ್ಷ್ಮದರ್ಶಕದಲ್ಲಿ ಎಷ್ಟು ಹೊತ್ತು ನೋಡಿದರೂ ಔಷಧ ನಿರೋಧಕತೆ ಕಾಣುವುದಿಲ್ಲ. ಇನ್ನು ಹೊರಗುತ್ತಿಗೆಯ ಸ್ವಚ್ಛತಾ ಕೆಲಸದವರು ಎಷ್ಟೋ ಕಡೆ ಈ ಪಟ್ಟಿಯಲ್ಲೇ ಇರುವುದಿಲ್ಲ. ಮಲ ಮೂತ್ರ ಅತಿ ಹೆಚ್ಚು ಮುಟ್ಟುವವರು ಅವರೇ.

ಅದಕ್ಕಿಂತ ಮೊದಲು ಶೌಚಾಲಯ. ವಾರ್ಡಿನ ಹಿಂದಿನ ಸಿಬ್ಬಂದಿ ಶೌಚಾಲಯಕ್ಕೆ ಹೋಗಿ ನೋಡಿದರೆ ಕಾಣುವುದು ಇದು: ಬಾಗಿಲ ಚಿಲಕದ ಜಾಗದಲ್ಲಿ ಗಾಜ್ ಬಟ್ಟೆಯ ಕಟ್ಟು. ಒಳಗೆ ನೀರು ತುಂಬಿಟ್ಟ ಬ್ಯಾರಲ್, ಅದರಲ್ಲಿ ತೇಲುವ ಒಂದು ಮಗ್. ತೊಳೆದುಕೊಂಡ ಕೈಯೇ ಮತ್ತೆ ಆ ಮಗ್ ಹಿಡಿದು ಬ್ಯಾರಲ್‌ಗೆ ಮುಳುಗುತ್ತದೆ. ಹೊರಗಿನ ಸಿಂಕಿನ ಮೊಣಕೈ ನಲ್ಲಿಯ ಹಿಡಿಕೆ ಮುರಿದಿದೆ, ಬೆರಳಿನಿಂದ ತಿರುವಬೇಕು. ಸಾಬೂನು ಇದ್ದರೆ ನೀರು ನಿಂತ ತಟ್ಟೆಯಲ್ಲಿ ಲೋಳೆಯಾಗಿ ಕೂತಿರುತ್ತದೆ. ಇಡೀ ಪಾಳಿಯ ಜನ ಬಳಸುವುದು ಇಷ್ಟನ್ನೇ.

ಇಲ್ಲಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ, ಪುರುಷ ಅಧಿಕಾರಿಗಳ ಸಭೆಗಳಲ್ಲಿ ಅದು ಬಾಯಿಗೇ ಬರುವುದಿಲ್ಲ. ಹೋಗಲು ಜಾಗ ಸರಿ ಇಲ್ಲದ್ದರಿಂದ ಸಿಸ್ಟರ್‌ಗಳು ಡ್ಯೂಟಿಯ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹೊರಗೆ ನಲವತ್ತು ಡಿಗ್ರಿ ದಾಟಿದ ವಿಜಯಪುರದ ಬೇಸಿಗೆ, ಒಳಗೆ ಆರೆಂಟು ತಾಸು ತಡೆದ ಮೂತ್ರ. ಉರಿಮೂತ್ರ ಬರುತ್ತದೆ. ಅದಕ್ಕೆ ಕಾರಣವಾಗುವುದು ಬಹುಪಾಲು ಸ್ವಂತ ಕರುಳಿನ ಇ. ಕೋಲಿಯೇ. ಕಲ್ಚರ್ ಮಾಡಿಸಲು ಹೊತ್ತಿಲ್ಲದೆ ಎರಡು ದಿನ ಸೆಫಿಕ್ಸಿಮ್ ನುಂಗುತ್ತಾರೆ. ಔಷಧಕ್ಕೆ ಸಾಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಸಾಯದವು ಕರುಳನ್ನು ತುಂಬಿಕೊಳ್ಳುತ್ತವೆ. ಮುಂದಿನ ಸಲದ ಉರಿಮೂತ್ರಕ್ಕೆ ಅದೇ ಗುಳಿಗೆ ನಾಟುವುದಿಲ್ಲ. ಒಂದು ಚಿಲಕ, ಒಂದು ನಲ್ಲಿ, ಒಂದು ಬಲ್ಬ್ ಸರಿ ಇದ್ದಿದ್ದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತಿತ್ತು.

ಹ್ಯಾಂಡ್ ರಬ್‌ನ (ಕೈಗೆ ಉಜ್ಜುವ ಮದ್ಯಸಾರದ ದ್ರವ) ವಿಷಯದಲ್ಲಿ ಅಂದಾಜು ಬೇಡ, ವಾರ್ಡು ಸ್ಟೋರಿನಿಂದ ತರಿಸಿದ್ದನ್ನು ಬರೆಯುವ ಇಂಡೆಂಟ್ ಪುಸ್ತಕ ತೆಗೆದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂ ಮೌಲ್ಯಮಾಪನ ಚೌಕಟ್ಟು ಕೇಳುವುದು 1,000 ರೋಗಿ ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ ದಿನ) ಕನಿಷ್ಠ 20 ಲೀಟರ್ ಬಳಕೆಯನ್ನು. 30 ಹಾಸಿಗೆಯ ತುಂಬಿದ ವಾರ್ಡಿಗೆ ತಿಂಗಳಿಗೆ 900 ರೋಗಿ ದಿನ, ಅಂದರೆ 18 ಲೀಟರ್, ಅರ್ಧ ಲೀಟರಿನ 36 ಬಾಟಲಿ. ಒಂದು ಸಲಕ್ಕೆ 3 ಮಿ.ಲೀ. ಹಿಡಿದರೆ ಇದು ಒಬ್ಬ ರೋಗಿಗೆ ದಿನಕ್ಕೆ ಆರೇಳು ಸಲ ಕೈ ಉಜ್ಜಿಕೊಂಡಷ್ಟೇ ಆಯಿತು, ದೊಡ್ಡ ಬೇಡಿಕೆಯೇನಲ್ಲ. ತಿಂಗಳಿಗೆ ನಾಲ್ಕೈದು ಬಾಟಲಿ ಇಂಡೆಂಟ್ ಆದ ವಾರ್ಡಿನಲ್ಲಿ ಕೈ ಶುಚಿತ್ವದ ಫ್ಲೆಕ್ಸ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಖರೀದಿಗೆ ದುಡ್ಡಿಲ್ಲವೆಂದರೆ ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಬಹುದು: ಶೇ 96ರ ಎಥನಾಲ್ 8,333 ಮಿ.ಲೀ., ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಶೇ 98ರ ಗ್ಲಿಸರಾಲ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು, ಒಟ್ಟು 10 ಲೀಟರ್. ತಯಾರಾದ ಮೇಲೆ 72 ತಾಸು ಹಾಗೇ ಇಟ್ಟು ನಂತರ ಬಳಸಬೇಕು; ಮದ್ಯಸಾರದಲ್ಲಿ ಅಥವಾ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಬೀಜಕಗಳಿದ್ದರೆ ಪೆರಾಕ್ಸೈಡ್ ಅವನ್ನು ಕೊಲ್ಲಲು ಅಷ್ಟು ಹೊತ್ತು ಬೇಕು. ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ಮೇಲೆ ಸುರಿಯಬಾರದು. ದ್ರವ ಸಾಬೂನಿನ ಬಾಟಲಿಗಂತೂ ಸುರಿಯಲೇಬಾರದು, ತಳದಲ್ಲಿ ಉಳಿದದ್ದರಲ್ಲಿ ಸ್ಯೂಡೊಮೊನಾಸ್, ಸೆರಾಷಿಯಾ ಎಂಬ ಬ್ಯಾಕ್ಟೀರಿಯಾಗಳು ಬೆಳೆದು ಕೂತಿರುತ್ತವೆ. ಶೌಚದ ನಂತರ ಮತ್ತು ಊಟದ ಮುಂಚೆ ಹ್ಯಾಂಡ್ ರಬ್ ಸಾಲದು, ಸಾಬೂನು ನೀರಿನಲ್ಲಿ 40ರಿಂದ 60 ಸೆಕೆಂಡ್ ತೊಳೆಯಬೇಕು.

ಸಿಂಕ್ ಬಗ್ಗೆಯೂ ಹೇಳಬೇಕು. ಒಂದೇ ಸಿಂಕಿನಲ್ಲಿ ಕೈ ತೊಳೆಯುವುದು, ಉಳಿದ ಸಲೈನ್ ಮತ್ತು ಆ್ಯಂಟಿಬಯಾಟಿಕ್ ಸುರಿಯುವುದು, ಟ್ರೇ ತೊಳೆಯುವುದು, ಚಹಾದ ಲೋಟ ತೊಳೆಯುವುದು ನಡೆಯುತ್ತದೆ. ಕೊಳವೆಯ ಒಳಗಿನ ಲೋಳೆಪದರಕ್ಕೆ ಸಕ್ಕರೆಯೂ ಔಷಧವೂ ಒಟ್ಟಿಗೆ ಸಿಕ್ಕರೆ ನಿರೋಧಕ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ನೆಲೆ ಬೇರೆ ಬೇಕಿಲ್ಲ. ನಲ್ಲಿಯ ಧಾರೆ ನೇರ ಜಾಲರಿಯ ಮೇಲೆ ಬಿದ್ದರೆ ಹನಿ ಸಿಡಿದು ಪಕ್ಕದ ಕಟ್ಟೆಗೆ, ಅಲ್ಲಿಟ್ಟ ಸಿರಿಂಜ್ ಟ್ರೇಗೆ ಹಾರುತ್ತದೆ. ಇನ್ನು ಬ್ಲೀಚಿಂಗ್ ಪುಡಿ: ಶೇ 30 ಕ್ಲೋರಿನ್ ಇರುವ ಪುಡಿಯಾದರೆ ಲೀಟರಿಗೆ 33 ಗ್ರಾಂ ಹಾಕಿದಾಗ ಶೇ 1ರ ದ್ರಾವಣವಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಬಾಯಿ ತೆರೆದ ಚೀಲದಲ್ಲಿ ಒಂದು ಬೇಸಿಗೆ ಕಳೆದ ಪುಡಿಯಲ್ಲಿ ಆ ಶೇ 30 ಉಳಿದಿರುವುದಿಲ್ಲ, ಆದರೆ ಚಮಚದ ಲೆಕ್ಕ ಮಾತ್ರ ಹಳೆಯದೇ. ದ್ರಾವಣವನ್ನು ದಿನಾ ಹೊಸದಾಗಿ ಕಲಸಬೇಕು, ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ನೆರಳಿನಲ್ಲಿ ಇಡಬೇಕು. ಕುಡಿಯುವ ನೀರಿನ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ ಇದೆಯೇ ಎಂದು ಕ್ಲೋರೋಸ್ಕೋಪಿನಲ್ಲಿ ನೋಡುವುದು ಎರಡು ನಿಮಿಷದ ಕೆಲಸ. ಹಳ್ಳಿಯ ಬಾವಿಗೆ, ಟ್ಯಾಂಕಿಗೆ ಅದನ್ನು ಮಾಡುವ ಇಲಾಖೆ ತನ್ನದೇ ವಾರ್ಡಿನ ನಲ್ಲಿಗೂ ಮಾಡಬೇಕು.

ಪರೀಕ್ಷೆ ಹೇಗಿರಬೇಕು? ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಒಂದು ಮಾದರಿ, ಆರು ತಿಂಗಳ ನಂತರ ಅದೇ ವ್ಯಕ್ತಿಯಿಂದ ಇನ್ನೊಂದು. ಆಸ್ಪತ್ರೆ ಏನನ್ನು ಕೊಟ್ಟಿತು ಎಂದು ಹೇಳಬಲ್ಲದ್ದು ಈ ಜೋಡಿ ಮಾದರಿ. ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿಗೆ ಇಳಿಯುವ ಮುಂಚೆ ಮತ್ತು ನಂತರ ಒಪ್ಪಿ ಕೊಟ್ಟರೆ ಇನ್ನೂ ಒಳ್ಳೆಯದು. ರೋಗಿಗಳನ್ನು ಮುಟ್ಟದ ಕಚೇರಿ ಸಿಬ್ಬಂದಿಯನ್ನು ಹೋಲಿಕೆಗೆ ಸೇರಿಸಬೇಕು. ಅರ್ಧದಷ್ಟು ಜನರಲ್ಲಿ ಇರಬಹುದೆಂದು ಊಹಿಸಿ ಶೇ 10 ಹೆಚ್ಚು ಕಡಿಮೆಯ ನಿಖರತೆ ಸಾಕೆಂದರೆ ಒಂದೊಂದು ಗುಂಪಿಗೆ 96 ಜನ ಬೇಕು. ಬಿಟ್ಟುಹೋಗುವವರನ್ನು ಎಣಿಸಿ 110 ಇಟ್ಟುಕೊಳ್ಳಬಹುದು. ಕಳೆದ ಮೂರು ತಿಂಗಳಲ್ಲಿ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡರು, ವರ್ಷದೊಳಗೆ ಆಸ್ಪತ್ರೆಗೆ ದಾಖಲಾಗಿದ್ದರೇ, ಮನೆಯಲ್ಲಿ ಕೋಳಿ, ದನ ಇವೆಯೇ ಎಂಬ ಮೂರು ಪ್ರಶ್ನೆ ಕಡ್ಡಾಯ.

ಗುದದ್ವಾರದ ಸ್ವಾಬ್‌ಗಿಂತ, ಅವರೇ ಮನೆಯಿಂದ ತರುವ ಬಟಾಣಿ ಗಾತ್ರದ ಮಲ ಮರ್ಯಾದೆಗೂ ಒಳ್ಳೆಯದು, ಪರೀಕ್ಷೆಗೂ ಒಳ್ಳೆಯದು. ಎರಡು ತಾಸಿನೊಳಗೆ ಲ್ಯಾಬಿಗೆ ಬರದಿದ್ದರೆ ಮಾದರಿ ಕೆಡದಂತೆ ಸಾಗಿಸುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಇಡಬೇಕು. ಲೀಟರಿಗೆ 1 ಮಿ.ಗ್ರಾಂ ಸೆಫೋಟಾಕ್ಸಿಮ್ ಬೆರೆಸಿದ ಮ್ಯಾಕಾಂಕಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಉಜ್ಜಿ, 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ತಾಸು. ಔಷಧವನ್ನು ಅಗಾರ್ 50 ಡಿಗ್ರಿಗೆ ಇಳಿದ ಮೇಲೆ ಬೆರೆಸಬೇಕು. ಕುದಿಯುವಾಗ ಬೆರೆಸಿದರೆ ಔಷಧ ಕೆಟ್ಟು, ಸಾಮಾನ್ಯ ಬ್ಯಾಕ್ಟೀರಿಯಾವೂ ಬೆಳೆದು ಎಲ್ಲರ ಪ್ಲೇಟೂ ಗುಲಾಬಿಯಾಗುತ್ತದೆ, ಇಡೀ ಆಸ್ಪತ್ರೆಗೆ ಸುಳ್ಳು ಅಪವಾದ ಬರುತ್ತದೆ. ಅದಕ್ಕೇ ಪ್ರತಿ ತಂಡದ ಪ್ಲೇಟಿನಲ್ಲೂ ಗುಣ ಮೊದಲೇ ಗೊತ್ತಿರುವ ಎರಡು ಪರೀಕ್ಷಾ ತಳಿ ಹಾಕಿ ನೋಡಬೇಕು: ಎಟಿಸಿಸಿ 25922 ಇ. ಕೋಲಿ ಬೆಳೆಯಬಾರದು, ಎಟಿಸಿಸಿ 700603 ಕ್ಲೆಬ್ಸಿಯೆಲ್ಲಾ ಬೆಳೆಯಬೇಕು. ಬೆಳೆದದ್ದೆಲ್ಲ ಇಎಸ್‌ಬಿಎಲ್ ಅಲ್ಲ. ಬಣ್ಣವಿಲ್ಲದ, ಆಕ್ಸಿಡೇಸ್ ಪಾಸಿಟಿವ್ ಗುಂಪುಗಳು ಸ್ಯೂಡೊಮೊನಾಸ್ ಇರಬಹುದು, ಅದಕ್ಕೆ ಸೆಫೋಟಾಕ್ಸಿಮ್ ಹುಟ್ಟಿನಿಂದಲೇ ತಾಗುವುದಿಲ್ಲ. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಎಂದು ಗುರುತಿಸಿದ ಮೇಲೆ ಸೆಫ್ಟಾಜಿಡಿಮ್ ಮತ್ತು ಸೆಫೋಟಾಕ್ಸಿಮ್ ಡಿಸ್ಕ್‌ಗಳನ್ನು ಇಎಸ್‌ಬಿಎಲ್ ಅನ್ನು ತಡೆಯುವ ಕ್ಲಾವುಲನೇಟ್ ಇಲ್ಲದ್ದು ಒಂದು, ಇರುವುದು ಒಂದು ಇಟ್ಟು, ಅವುಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯದ ಅಂತರ 5 ಮಿ.ಮೀ. ಅಥವಾ ಹೆಚ್ಚಿದ್ದರೆ ಮಾತ್ರ ಇಎಸ್‌ಬಿಎಲ್ ಎಂದು ಬರೆಯಬೇಕು. ಮೆರೊಪೆನೆಮ್‌ಗೆ ಜಗ್ಗದ್ದು ಸಿಕ್ಕರೆ, ಆ ಔಷಧವನ್ನು ಒಡೆಯುವ ಕಿಣ್ವ ಇದೆಯೇ ಎಂದು ನೋಡುವ ಎಂಸಿಐಎಂ ಪರೀಕ್ಷೆ. ಕೊಲಿಸ್ಟಿನ್‌ಗೆ ಡಿಸ್ಕ್ ಇಟ್ಟು ವರದಿ ಕೊಡಬಾರದು, ಆ ಔಷಧ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ.

ಮಾದರಿಯ ಡಬ್ಬಿಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಅವರಿಗೆ ಮಾತ್ರ ಹೋಗಲಿ, ಆಡಳಿತಕ್ಕೆ ಗುಂಪಿನ ಒಟ್ಟು ಲೆಕ್ಕ ಸಾಕು. ಅವರ ಕೈಗೆ ಹೋಗುವ ಚೀಟಿಯಲ್ಲಿ ಕನ್ನಡದಲ್ಲಿ ಹೀಗೆ ಬರೆದಿರಲಿ: ಇದು ರೋಗವಲ್ಲ, ಇದಕ್ಕೆ ಔಷಧ ಬೇಡ, ಮುಂದೆ ಉರಿಮೂತ್ರ ಬಂದರೆ, ಶಸ್ತ್ರಚಿಕಿತ್ಸೆಗೆ ಹೋದರೆ, ಹೆರಿಗೆಗೆ ದಾಖಲಾದರೆ ಈ ಚೀಟಿಯನ್ನು ವೈದ್ಯರಿಗೆ ತೋರಿಸಿ. ಹೊಟ್ಟೆ ಸ್ವಚ್ಛ ಮಾಡುತ್ತೇವೆಂದು ಕೊಲಿಸ್ಟಿನ್ ಅಥವಾ ಬೇರೆ ಆ್ಯಂಟಿಬಯಾಟಿಕ್ ಕುಡಿಸುವುದನ್ನು ನಾವು ವಿರೋಧಿಸುತ್ತೇವೆ. ರೋಗವಿಲ್ಲದೆ ಬ್ಯಾಕ್ಟೀರಿಯಾ ಹೊತ್ತಿರುವ ಇಂಥ ವಾಹಕರಿಗೆ ಆ ಚಿಕಿತ್ಸೆಯನ್ನು ವಾಡಿಕೆಯಾಗಿ ಕೊಡಬಾರದೆಂದು ಯುರೋಪಿನ ತಜ್ಞರ ಮಾರ್ಗಸೂಚಿಯೇ 2019ರಲ್ಲಿ ಹೇಳಿದೆ. ಕೊಟ್ಟರೆ ಕೊನೆಯ ಔಷಧಕ್ಕೂ ನಿರೋಧಕತೆ ಬೆಳೆಸಿದಂತಾಗುತ್ತದೆ. ವಾರ್ಡಿನಿಂದ ತೆಗೆಯುವುದೂ ಬೇಡ. ಕೈ ತೊಳೆಯಲು ವ್ಯವಸ್ಥೆ ಇರುವ ವಾರ್ಡಿನಲ್ಲಿ ವಾಹಕರಿಂದ ರೋಗಿಗೆ ಅಪಾಯ ಕಡಿಮೆ. ಇಲ್ಲದ ವಾರ್ಡಿನಲ್ಲಿ ಅವರನ್ನು ತೆಗೆದು ಇನ್ನೊಬ್ಬರನ್ನು ಹಾಕಿದರೆ ಆರು ತಿಂಗಳಲ್ಲಿ ಅವರೂ ವಾಹಕರಾಗಬಹುದು. ಗುತ್ತಿಗೆಯ ಆಯಾ ಒಬ್ಬರಿಗೆ ಪಾಸಿಟಿವ್ ಎಂಬ ಪದ ಕಿವಿಗೆ ಬಿದ್ದ ದಿನವೇ ಕೂಲಿ ಹೋಗುವ ಭಯವಿದ್ದರೆ, ಮರುದಿನದಿಂದ ಯಾರೂ ಮಾದರಿ ಕೊಡುವುದಿಲ್ಲ.

ಔಷಧ ಚೀಟಿಯ ಮಾತನ್ನೂ ಹೇಳಲೇಬೇಕು, ನಮ್ಮವರದೇ ತಪ್ಪು ಇದರಲ್ಲಿ ಇದೆ. ನೆಗಡಿಗೆ ಅಜಿತ್ರೊಮೈಸಿನ್ ಮೂರು ದಿನ, ಗಂಟಲು ಕೆರೆತಕ್ಕೆ ಸೆಫಿಕ್ಸಿಮ್ ಎರಡು ದಿನ, ವಾರ್ಡಿನ ಸ್ಟಾಕಿನಿಂದ ತೆಗೆದುಕೊಳ್ಳುವುದು ರೂಢಿಯಾಗಿದೆ. ಇವೆರಡೂ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎಚ್ಚರಿಕೆಯಿಂದ ಬಳಸಬೇಕಾದ ಗುಂಪಿನವು. ಒಳರೋಗಿಗಳಿಗೆ ಬೆಳಿಗ್ಗೆ ಸಂಜೆ ಹೋಗುವ ಸೆಫ್‌ಟ್ರಿಯಾಕ್ಸೋನ್‌ನ ಗಣನೀಯ ಪಾಲು ಪಿತ್ತರಸದ ಮೂಲಕ ಕರುಳಿಗೇ ಇಳಿಯುತ್ತದೆ. ರೋಗಿಯ ಮಲದಲ್ಲಿ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚುವುದು ಹೀಗೆ, ಬೆಡ್‌ಪ್ಯಾನ್ ತೊಳೆಯುವವರ ಕೈಗೆ ಅದು ಹತ್ತುವುದೂ ಹೀಗೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪಟ್ಟಿಯ ಪ್ರಕಾರ ಸೆಫಿಕ್ಸಿಮ್, ಸೆಫ್‌ಟ್ರಿಯಾಕ್ಸೋನ್‌ನಂಥ ಔಷಧಗಳಿಗೆ ಮೆಡಿಕಲ್ ಶಾಪಿನಲ್ಲಿ ಪ್ರತ್ಯೇಕ ರಿಜಿಸ್ಟರ್ ಇರಬೇಕು, ಮೂರು ವರ್ಷ ಕಾಯ್ದಿಡಬೇಕು. ಆ ರಿಜಿಸ್ಟರ್ ತೆರೆದು ನೋಡುವವರು ಬೇಕು.

ಮಾನ್ಯರೇ, ತಾವು ಮಾಡಬೇಕಾದದ್ದರಲ್ಲಿ ಮೊದಲನೆಯದಕ್ಕೆ ದುಡ್ಡು ಬೇಡ. ಕರುಳಿನ ಪರೀಕ್ಷೆಯ ಫಲಿತಾಂಶದ ಮೇಲೆ ಕಾಯಂ, ಗುತ್ತಿಗೆ, ಹೊರಗುತ್ತಿಗೆಯ ಯಾವ ನೌಕರರನ್ನೂ ತೆಗೆಯುವಂತಿಲ್ಲ, ವರ್ಗಾಯಿಸುವಂತಿಲ್ಲ, ಸಂಬಳ ಕಡಿಯುವಂತಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಮಾದರಿ ಕೊಡುವುದು ಅವರವರ ಇಚ್ಛೆಗೆ ಬಿಟ್ಟದ್ದು ಎಂದು ಅದರಲ್ಲೇ ಬರೆಯಿಸಿ. ಎರಡನೆಯದಾಗಿ, ಮೂರೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ವಾರ್ಡಿನ ಸಿಬ್ಬಂದಿ ಶೌಚಾಲಯವನ್ನು ಮಹಿಳಾ ಅಧಿಕಾರಿಯೊಬ್ಬರು ಖುದ್ದು ನೋಡಿ ಚಿಲಕ, ದೀಪ, ಹರಿಯುವ ನೀರು, ಸಾಬೂನು, ಮುಚ್ಚಳವಿರುವ ಡಬ್ಬಿ ಇವೆಯೇ ಎಂದು ಬರೆದು ಸಹಿ ಹಾಕಲಿ. ಆಸ್ಪತ್ರೆ ಸ್ವಚ್ಛತೆಗೆ ಪ್ರಶಸ್ತಿ ಕೊಡುವ ಕಾಯಕಲ್ಪ ಯೋಜನೆಯ ಅಂಕಕ್ಕೆಂದು ತಪಾಸಣೆಯ ಹಿಂದಿನ ದಿನ ಮಾತ್ರ ಸಾಬೂನು ಇಡುವುದು ನಿಲ್ಲಲಿ. ಪ್ರತಿ ತಿಂಗಳ ಹ್ಯಾಂಡ್ ರಬ್ ಲೆಕ್ಕವನ್ನು ವಾರ್ಡಿನ ಬಾಗಿಲಿಗೆ ಅಂಟಿಸಲಿ. ಕಲ್ಚರ್ ಮಾಡುವ ಲ್ಯಾಬ್ ಇಲ್ಲದ ತಾಲ್ಲೂಕು ಆಸ್ಪತ್ರೆಗಳ ಮಾದರಿಯನ್ನು ಜಿಲ್ಲಾ ಆಸ್ಪತ್ರೆಗೆ ತಲುಪಿಸಲು ವಾಹನ ಮತ್ತು ಐಸ್ ಪೆಟ್ಟಿಗೆ ಗೊತ್ತುಮಾಡಿ. ವಂಶವಾಹಿ ಮಟ್ಟದ ಪರೀಕ್ಷೆ ಬೇಕಾದರೆ ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆಯಿದೆ, ಮಾದರಿಗಳನ್ನು ದೂರ ಕಳಿಸುವ ಮೊದಲು ಅವರನ್ನು ಕೇಳಿ ನೋಡಬಹುದು.

ಖಾಸಗಿ ಆಸ್ಪತ್ರೆಗಳ ಆಡಳಿತದವರಲ್ಲಿ ಒಂದು ವಿನಂತಿ. ಹೌಸ್‌ಕೀಪಿಂಗ್ ಏಜೆನ್ಸಿಯ ಜೊತೆಗಿನ ಒಪ್ಪಂದದಲ್ಲಿ ಕೈಗವಸು, ಲಸಿಕೆ, ವಾರ್ಷಿಕ ತಪಾಸಣೆ ಯಾರ ಖರ್ಚು ಎಂದು ಬರೆದಿದೆಯೇ ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಇಬ್ಬರೂ ಇನ್ನೊಬ್ಬರದು ಎನ್ನುತ್ತಾರೆ, ಆಯಾ ಬರಿಗೈಯಲ್ಲಿ ಬೆಡ್‌ಪ್ಯಾನ್ ಎತ್ತುತ್ತಾರೆ.

ಶೌಚಾಲಯಗಳ ತಪಾಸಣೆ ಬೇಸಿಗೆಗೆ ಮೊದಲೇ ಮುಗಿಯಲಿ ಎಂಬುದು ನಮ್ಮ ಕೋರಿಕೆ. ಮಾರ್ಚ್ ಕೊನೆಗೆ ಇಲ್ಲಿ ನೀರು ಬರುವ ದಿನಗಳು ಕಡಿಮೆಯಾಗುತ್ತವೆ, ಆಗ ಬ್ಯಾರಲ್‌ನಲ್ಲಿ ಮತ್ತೆ ಮಗ್ ತೇಲುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಯೋಗಾಲಯ ಮತ್ತು ಸೋಂಕು ನಿಯಂತ್ರಣ ವಿಭಾಗಗಳ ನೌಕರರು,
ವಿಜಯಪುರ.